ಶನಿವಾರದ ಲಾಳ

ನಮ್ಮ ಮನೆಯಲ್ಲಿ ಮೊಸಾಯಿಕ್ ನೆಲ ಹಾಕಿಸಿದ್ದು ಒಂದೇ ಒಂದು ಕೋಣೆಗೆ. ಆ ಕೋಣೆಯಲ್ಲಿ ಕುದುರೆ ಇತ್ತು. ಅಪ್ಪ, ಅಮ್ಮ, ನಾನು ಮೂವರೂ ಹಿಂದಿನ ರೂಮಿನ ಸಿಮೆಂಟು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಜಿಗಣಿಯ ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋದ ಮೇಲೆ ಉಳಿದ ತುಂಡು ಜಾಗದಲ್ಲಿ ಅಪ್ಪ ನಮಗೊಂದು ಮನೆ, ಅದರ ಬೆನ್ನಿಗೆ ಶೀಟು ಹೊದಿಸಿದ ಎಂಟು ರೂಮುಗಳ ಸಾಲು ಕಟ್ಟಿಸಿದ್ದ. ಸಾಲಿನ ತುಂಬ ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಅಪ್ಪನಿಗೆ ಉಳುವುದಕ್ಕೆ ನೆಲವಿಲ್ಲ, ಫ್ಯಾಕ್ಟರಿಗೆ ಹೋಗಿ ಇನ್ನೊಬ್ಬನ ಕೈಕೆಳಗೆ ನಿಲ್ಲಲು ಮನಸ್ಸಿಲ್ಲ. ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಗೇಟಿನ ಹತ್ತಿರ ನಿಂತರೆ ಸಂಜೆಯವರೆಗೂ ಅವನಿಗೆ ಮಾಡುವುದೇನೂ ಇರುತ್ತಿರಲಿಲ್ಲ. ಇಂಥ ಗಂಡಸು ಮನೆಯಲ್ಲಿದ್ದರೆ ಹೆಂಗಸರು ಎಷ್ಟು ಮೆಲ್ಲಗೆ ಪಾತ್ರೆ ಇಡಬೇಕು ಎನ್ನುವುದು ನನಗೆ ಏಳನೇ ವಯಸ್ಸಿಗೇ ಗೊತ್ತಿತ್ತು.

ಕುದುರೆ ಬಂದದ್ದು ಆಮೇಲೆ. ಓಟಕ್ಕೆ ಬೇಡವಾದ ಹೆಣ್ಣು ಕುದುರೆ, ಮೈಯಲ್ಲಿ ಒಂದು ಬಿಳಿ ಕೂದಲೂ ಇಲ್ಲದ ಕಪ್ಪು. ಅದಕ್ಕಿದ್ದ ಇಂಗ್ಲಿಷ್ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ನಾನು ಶಾಮಲಿ ಅಂತ ಕರೆದೆ, ಅದೇ ನಿಂತಿತು. ರಸ್ತೆಯಲ್ಲಿ ಹೋಗುವವರಿಗೆ ಕಾಣಲೆಂದು ಅಪ್ಪ ಅದನ್ನು ಮೊಸಾಯಿಕ್ ಹಾಕಿಸಿದ್ದ ಮುಂಭಾಗದ ಕೋಣೆಯಲ್ಲಿ ಕಟ್ಟಿದ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡಬೇಕೆಂದು ಅವನ ಆಸೆ, ಆದರೆ ಮದುಮಗನನ್ನು ಕಪ್ಪು ಕುದುರೆಯ ಮೇಲೆ ಕೂರಿಸುವ ಧೈರ್ಯ ಯಾರಿಗಿದೆ. ಬದಲಿಗೆ ಶನಿಕಾಟದವರು ಬಂದರು. ಕಪ್ಪು ಕುದುರೆಯ ಕಾಲಲ್ಲಿ ಸವೆದ ಲಾಳ, ಅದರಲ್ಲೂ ಬಲ ಮುಂಗಾಲಿನದು, ಶನಿಯನ್ನು ದೂರ ಇಡುತ್ತದಂತೆ. ಕೆಲವರು ಬಾಗಿಲ ಮೇಲೆ ಹೊಡೆದುಕೊಳ್ಳುವರು, ಕೆಲವರು ಉಂಗುರ ಮಾಡಿಸಿ ನಡುಬೆರಳಿಗೆ ಹಾಕಿಕೊಳ್ಳುವರು. ಶನಿವಾರವಾದರೆ ಆನೇಕಲ್ಲಿನಿಂದ, ಸರ್ಜಾಪುರದಿಂದ, ನಮ್ಮ ಜಿಗಣಿಯದೇ ಫ್ಯಾಕ್ಟರಿಗಳಿಂದ ಜನ ಬೆಲ್ಲದ ಅಚ್ಚು, ನೆನೆಸಿದ ಹುರಳಿ ಹಿಡಿದು ಬಂದು ಶಾಮಲಿಗೆ ತಿನ್ನಿಸುವರು. ಅಪ್ಪ ಲಾಳಕ್ಕೆ ಅರಿಶಿನ ಹಚ್ಚಿ ಎರಡೂ ಕೈಯಲ್ಲಿ ಕೊಡುವನು. ಅವರು ಅವನನ್ನು ಸ್ವಾಮಿ ಎನ್ನುವರು. ಶನಿವಾರ ನಮ್ಮ ಮನೆಯಲ್ಲಿ ಯಾರಿಗೂ ಏಟು ಬೀಳುತ್ತಿರಲಿಲ್ಲ. ಹಾಗಾಗಿ ನನಗೂ ಅಮ್ಮನಿಗೂ ಶನಿವಾರವೆಂದರೆ ಹಬ್ಬ, ಸುಳ್ಳು ಯಾಕೆ ಹೇಳಲಿ.

ಲಾಳವೊಂದು ಸವೆಯಲು ತಿಂಗಳ ಮೇಲೆ ಬೇಕು. ಕೇಳುವವರು ಹೆಚ್ಚಾದಂತೆ ಅಪ್ಪ ಹತ್ತು ದಿನಕ್ಕೊಂದು ಕಿತ್ತು ಹೊಸದು ಹೊಡೆಸತೊಡಗಿದ. ಮೊಳೆಯ ತೂತಿನ ಪಕ್ಕ ಇನ್ನೊಂದು ತೂತು ಬಿದ್ದು ಗೊರಸಿನ ಅಂಚು ಹಳೇ ಗೋಡೆಯ ಗಾರೆಯ ಹಾಗೆ ಉದುರಿತು. ಎರಡು ವರ್ಷ ಹೀಗೇ ನಡೆಯಿತು. ಒಂದು ಶನಿವಾರ ಅಷ್ಟೂ ಜನರ ಮುಂದೆ ಶಾಮಲಿ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವೆಲ್ಲ ಹಿಂದಕ್ಕೆ ಹಾಕಿ ನಿಂತಿತು. ಎಳೆದರೂ ಕದಲಲಿಲ್ಲ. ಅಪ್ಪ ಜೋರಾಗಿ ಎಳೆದಾಗ ಮೊಸಾಯಿಕ್ ಮೇಲೆ ಮಂಡಿಯೂರಿ ಬಿತ್ತು. ಬಂದವರು ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಅಪ್ಪ ಒಳಗೆ ಬಂದು ಸಾರಿನ ಪಾತ್ರೆ ಒದ್ದ, ಅಮ್ಮನಿಗೆ ಎರಡು ಬಾರಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಗಾದೆಯನ್ನು ನಾನು ಪುಸ್ತಕದಲ್ಲಿ ಕಲಿಯಬೇಕಾಗಲಿಲ್ಲ. ಆನೇಕಲ್ಲಿನಿಂದ ಬಂದ ಪಶುವೈದ್ಯರು ಗೊರಸು ಮುಟ್ಟಿ ನೋಡಿ ಇಂಜೆಕ್ಷನ್ ಕೊಟ್ಟರು.

“ಇದು ಬಂದು ಹೋಗೋ ಕಾಯಿಲೆ ಅಲ್ಲ ಯಜಮಾನ್ರೇ. ಗೊರಸಿನ ಒಳಗೆ ಉರಿಯೂತ. ಸಕ್ಕರೆ ಕಾಯಿಲೆ ತರ ದಿನಾ ನೋಡ್ಕೋಬೇಕು. ಬೆಲ್ಲ, ಕಾಳು ನಿಲ್ಸಿ. ಲಾಳ ಅಂತೂ ಬೇಡವೇ ಬೇಡ.”

“ಎಷ್ಟು ದಿನ?” ಅಪ್ಪ ಕೇಳಿದ.

“ಅದು ಬದುಕಿರೋವರೆಗೂ.”

ಅಪ್ಪನ ಮುಖ ನೋಡಬೇಕಿತ್ತು. ವೈದ್ಯರ ಮಾತನ್ನು ನಮ್ಮ ಮನೆಯಲ್ಲಿ ಕೆಲಸಕ್ಕೆ ಇಳಿಸಿದವನು ಐದನೇ ನಂಬರ್ ರೂಮಿನ ಬಸಣ್ಣ. ಬಿಜಾಪುರದವನು. ಅವನಪ್ಪ ಟಾಂಗಾ ಹೊಡೆಯುತ್ತಿದ್ದನಂತೆ, ಹಾಗಾಗಿ ಕುದುರೆಯ ಕಾಲು ಅವನಿಗೆ ಹುಟ್ಟಿದಾಗಿನಿಂದ ಪರಿಚಯ. ಇಲ್ಲಿ ರಬ್ಬರ್ ಫ್ಯಾಕ್ಟರಿಯಲ್ಲಿ ಲೋಡಿಂಗ್ ಮಾಡುತ್ತಿದ್ದ. ಅಪ್ಪನನ್ನು ಹೇಗೆ ಒಪ್ಪಿಸಿದನೋ, ಬಾಡಿಗೆಯವನ ಮಾತು ಕೇಳಿದ್ದು ಅಪ್ಪ ಅದೊಂದೇ ಸಲ.

“ಮಾಲಕ್ರ, ಗೊರಸು ಉಗುರು ಇದ್ದಂಗ, ಮ್ಯಾಲಿಂದ ಬೆಳಕೋತ ಕೆಳಗ ಬರತೈತಿ. ಕೆಟ್ಟದ್ದು ತುದೀಗೆ ಹೋಗಿ ಉದುರಾಕ ಒಂದು ವರ್ಷ ಬೇಕು. ಒಂದು ವರ್ಷ ಮೊಳಿ ಹೊಡೀಬ್ಯಾಡ್ರಿ. ಮುಂದ ನಾನೂ ಕೇಳಾಂಗಿಲ್ಲ.”

ಮೊಸಾಯಿಕ್ ಮೇಲೆ ಅರ್ಧ ಮೊಳ ಮರಳು ಸುರಿದದ್ದು ಅವನೇ, ಗಟ್ಟಿ ನೆಲ ಆ ಕಾಲಿಗೆ ಆಗದೆಂದು. ಅಮ್ಮ ಬಾಗಿಲಲ್ಲಿ ನಿಂತು, ಹಟ್ಟಿಗಾದರೆ ಸೆಗಣಿ ಸಾರಿಸಿದ ನೆಲ ಸಾಕಿತ್ತು, ನನಗೊಂದು ನೆಲ ಅಂತ ಹಾಕಿಸಿದ್ದು ಅದೇ, ಅದೂ ಹೋಯಿತು ಎಂದು ಗೊಣಗಿದಳು. ಆ ನೆಲದ ಮೇಲೆ ಅವಳು ಒಂದು ದಿನವೂ ಕೂತವಳಲ್ಲ. ಬಸಣ್ಣನಿಗೆ ಅವಳ ಗೊಣಗಾಟ ಕೇಳಿಸಿತು. ಅವನು ಮರಳು ಹರಡುತ್ತಲೇ ಇದ್ದ.

ಕಾಲು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಹತ್ತು ತುಂಬಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಶಾಮಲಿಯ ಗೊರಸಿನ ಮೇಲಿನ ಗೆಣ್ಣಿನ ಹಿಂದೆ ಎರಡು ಬೆರಳು ಇಡಬೇಕು. ನಾಡಿ ಮೆತ್ತಗಿದ್ದರೆ ದಿನ ಒಳ್ಳೆಯದು. ಬೆರಳಿಗೆ ಗುದ್ದುವಂತಿದ್ದರೆ ಉರಿ ಏರಿದೆ ಎಂದರ್ಥ, ಆಗ ಸಿಮೆಂಟು ತೊಟ್ಟಿಯಲ್ಲಿ ತಣ್ಣೀರು ತುಂಬಿ ಮುಂಗಾಲು ಎರಡನ್ನೂ ಅದರಲ್ಲಿ ನಿಲ್ಲಿಸಬೇಕು. ರಾಗಿ ಹುಲ್ಲನ್ನೂ ಹಾಗೇ ಹಾಕುವಂತಿಲ್ಲ, ನೀರಲ್ಲಿ ನೆನೆಹಾಕಿ, ಸಿಹಿ ಇಳಿದುಹೋಗಲೆಂದು ಆ ನೀರು ಚೆಲ್ಲಿ, ಹಿಂಡಿ ಹಾಕಬೇಕು. ಹವಾಯಿ ಚಪ್ಪಲಿಯ ಅಟ್ಟೆಗಳನ್ನು ಗೊರಸಿನ ಅಳತೆಗೆ ಕತ್ತರಿಸಿ, ಎರಡೆರಡು ಸೇರಿಸಿ, ಸೈಕಲ್ ಟ್ಯೂಬಿನಿಂದ ಕಟ್ಟುವುದನ್ನು ಬಸಣ್ಣ ಕಲಿಸಿದ. ಸಾಲಿನಲ್ಲಿ ಯಾರ ಚಪ್ಪಲಿ ಹರಿದರೂ ನನಗೇ ತಂದುಕೊಡುತ್ತಿದ್ದರು. ತಿಂಗಳಿಗೊಮ್ಮೆ ಅವನು ಫ್ಯಾಕ್ಟರಿಯ ಸವೆದ ಅರದಿಂದ ಗೊರಸಿನ ಉದ್ದ ತುದಿ ಉಜ್ಜುವಾಗ ಕಾಲು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುವವಳು ನಾನು. ಮೊದಲು ಶಾಮಲಿ ಯಾರಿಗೂ ಕಾಲು ಕೊಡುತ್ತಿರಲಿಲ್ಲ. ಆಮೇಲೆ ನಾನು ಮಂಡಿ ಮುಟ್ಟಿದರೆ ಸಾಕು, ತಾನೇ ಎತ್ತಿ ಕೊಡುತ್ತಿತ್ತು, ನನ್ನ ಜಡೆ ಮೂಸಿಕೊಂಡು ನಿಲ್ಲುತ್ತಿತ್ತು. ಆ ವಯಸ್ಸಿನಲ್ಲಿ ನನ್ನನ್ನು ನೋಡಿ ಸಂತೋಷಪಡುತ್ತಿದ್ದ ಜೀವ ಅದೊಂದೇ. ಅದರ ಮೇಲೆ ನನಗಿದ್ದಷ್ಟು ಪ್ರೀತಿ ಆಮೇಲೆ ಗಂಡನ ಮೇಲೂ ಬರಲಿಲ್ಲ, ಮಕ್ಕಳ ಮೇಲೆ ಬಂತು ಅಂತ ಹೇಳುತ್ತೇನೆ.

ಹಾಗಾದರೆ ಶನಿವಾರ? ಶನಿವಾರ ನಿಲ್ಲಲಿಲ್ಲ. ಅಪ್ಪನಿಗೆ ಸ್ವಾಮಿ ಅನ್ನಿಸಿಕೊಳ್ಳದೆ ಬದುಕಲಾಗುತ್ತಿರಲಿಲ್ಲ. ಲಾಳ ಹೊಡೆಯುವವನ ಹತ್ತಿರ ಯಾವ್ಯಾವುದೋ ಕುದುರೆಯ ಹಳೇ ಲಾಳಗಳನ್ನು ಗೋಣಿಚೀಲದಲ್ಲಿ ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟ. ಶಾಮಲಿಯ ಗೊರಸು ಮರಳಿನಲ್ಲಿ ಹೂತಿರುತ್ತಿದ್ದರಿಂದ ಲಾಳ ಇದೆಯೋ ಇಲ್ಲವೋ ಯಾರಿಗೂ ಕಾಣುತ್ತಿರಲಿಲ್ಲ. ಬಂದವರ ಕೈಯಿಂದ ಬೆಲ್ಲ, ಹುರಳಿ ತೆಗೆದುಕೊಂಡು, ಸಂಜೆ ಪೂಜೆ ಮಾಡಿ ತಿನ್ನಿಸುತ್ತೇವೆ ಎನ್ನುವನು. ಆ ಬೆಲ್ಲದಲ್ಲಿ ಅಮ್ಮ ಒಬ್ಬಟ್ಟು ಮಾಡಿದಳು, ಹುರಳಿಯಲ್ಲಿ ಬಸ್ಸಾರು ಮಾಡಿದಳು. ಸುತ್ತಮುತ್ತಲಿನ ಊರಿನ ಶನಿಯನ್ನೆಲ್ಲ ಆ ವರ್ಷ ನಾವು ಮುದ್ದೆಯ ಜೊತೆ ತಿಂದೆವು. ಅಪ್ಪ ಬದುಕಿನಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಆ ಸುಳ್ಳು. ನನಗದು ಆಗ ತಿಳಿಯಲಿಲ್ಲ. ಸ್ಕೂಲಿನಲ್ಲಿ ಸತ್ಯವೇ ದೇವರು ಅಂತ ಗೋಡೆಯ ಮೇಲೆ ಬರೆದಿದ್ದರು, ನಾನು ಅದನ್ನು ದುಂಡಗೆ ಕಾಪಿ ಬರೆಯುತ್ತಿದ್ದೆ.

ಅಮ್ಮನೂ ಬದಲಾದಳು. ನನ್ನ ಪರೀಕ್ಷೆಯ ದಿನ ನಾನು ಹುಲ್ಲು ನೆನೆಸಲು ಮರೆತು ಓಡಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಹುಲ್ಲು ನೆಂದಿತ್ತು, ಹಿಂಡಿಯೂ ಆಗಿತ್ತು. ಆಮೇಲೆ ದಿನವೂ ನನಗಿಂತ ಮೊದಲೇ ಎದ್ದು ಅದೊಂದನ್ನು ಮಾಡಿಟ್ಟಿರುತ್ತಿದ್ದಳು. ಕೇಳಿದರೆ ಒಪ್ಪಿಕೊಳ್ಳಳು.

“ನಾನ್ಯಾಕೆ ಮುಟ್ಲಿ ನಿನ್ ಕುದ್ರೆ ಉಲ್ನ? ನೀನೇ ನೆನೆಸ್ಬಿಟ್ಟು ಮರ್ತಿದ್ದೀಯ.”

ಅವಳು ಮುಟ್ಟುವುದು ನನಗೆ ಮಾತ್ರ ಗೊತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದು ಹೊತ್ತೇರುವವರೆಗೆ ಮಲಗುವ ಬಸಣ್ಣನಿಗೆ ಗೊತ್ತಾಗಲಿಲ್ಲ. ಅವನ ಪಾಲಿಗೆ ಅವಳು ಕಡೆಯವರೆಗೂ ಮೊಸಾಯಿಕ್ಕಿಗಾಗಿ ಗೊಣಗಿದ ಹೆಂಗಸೇ.

ಒಂಬತ್ತು ತಿಂಗಳಾಗಿ ಸಂಕ್ರಾಂತಿ ಬಂತು. ಹೊಸ ಗೊರಸು ಮೇಲಿನಿಂದ ನುಣ್ಣಗೆ ಇಳಿದು ನೆಲ ಮುಟ್ಟಲು ಎರಡು ಬೆರಳು ಬಾಕಿ ಇತ್ತು. ಚಪ್ಪಲಿ ಅಟ್ಟೆ ಇಲ್ಲದೆಯೂ ಶಾಮಲಿ ಅಂಗಳದಲ್ಲಿ ನಾಲ್ಕು ಸುತ್ತು ಹಾಕುತ್ತಿತ್ತು. ಬಸಣ್ಣ ಹಬ್ಬಕ್ಕೆ ಊರಿಗೆ ಹೊರಟವನು, ಇನ್ನು ಮೂರು ತಿಂಗಳು ಹೀಗೇ ಕಾಯವ್ವ, ಗೆದ್ದಿ ಅಂತ ತಿಳಕೊ ಎಂದು ಹೇಳಿ ಹೋಗಿದ್ದ. ಹಬ್ಬದ ದಿನ ಅಪ್ಪನಿಗೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತು. ನಾನು ಎಳ್ಳು ಬೀರಿ ಮನೆಗೆ ಬರುವ ಹೊತ್ತಿಗೆ ಅವನು ಸಾಲಿನವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿಕೊಂಡು ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಒಂದೊಂದೇ ಶಾಮಲಿಯ ಬಾಯಿಗೆ ಇಡುತ್ತಿದ್ದ.

“ಅದುನ್ನ ಸಾಯ್ಸಕ್ಕೆ ತಿನ್ನಿಸ್ತಿದ್ದೀಯಾ? ಬುದ್ಧಿ ಇಲ್ವಾ ನಿನಗೆ?” ಎಂದು ಕಿರುಚಿದೆ.

“ಅಬ್ಬದ ದಿನ ಮೂಕ ಪ್ರಾಣಿಗೆ ಇಲ್ಲ ಅನ್ಬಾರ್ದು ಕಣೇ,” ಎಂದ, ಇನ್ನೂ ನಗುತ್ತಲೇ.

ನಾನು ಅವನ ಕೈಯಲ್ಲಿದ್ದ ತಟ್ಟೆ ತಳ್ಳಿದೆ. ಸಕ್ಕರೆ ಅಚ್ಚುಗಳು ಚೆಲ್ಲಾಡಿದವು, ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಕುದುರೆಯ ಹಗ್ಗ ಬಿಚ್ಚಿ ಅಲ್ಲೇ, ಎಲ್ಲರ ಮುಂದೆ, ಹೊಸ ಲಂಗ ಹರಿಯುವವರೆಗೆ ಹೊಡೆದ. ಏಟು ನನಗೆ ಹೊಸದಲ್ಲ. ಆದರೆ ಅಷ್ಟು ಜನ ನೋಡಿದ್ದು, ಲಂಗ ಹಿಡಿದುಕೊಂಡು ಅವರ ನಡುವೆಯೇ ನಾನು ಒಳಗೆ ಹೋಗಬೇಕಾದದ್ದು ಹೊಸದು. ಎರಡು ದಿನ ಶಾಮಲಿಯ ನಾಡಿ ಗುದ್ದಿತು, ನಾನು ಅಮ್ಮ ಸೇರಿ ತಣ್ಣೀರಲ್ಲಿ ನಿಲ್ಲಿಸಿ ನಿಲ್ಲಿಸಿ ಇಳಿಸಿದೆವು. ಶಾಮಲಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಉರಿ ಇಳಿಯಲಿಲ್ಲ, ಜನರ ಮುಂದೆ ಅವನ ಮಾನವೂ ಹಾಗೇ ಹೋಗಬೇಕು ಎಂಬುದೊಂದೇ ತಲೆಯಲ್ಲಿ.

ಆ ಶನಿವಾರ ಬಂದವರಲ್ಲಿ ತಗಡು ಒತ್ತುವ ಪ್ರೆಸ್ಸುಗಳಿರುವ ಒಂದು ಫ್ಯಾಕ್ಟರಿಯ ಮಾಲೀಕರಿದ್ದರು. ಎರಡು ತಿಂಗಳಲ್ಲಿ ಅವರ ಇಬ್ಬರು ಕೆಲಸಗಾರರ ಬೆರಳುಗಳು ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ಯಂತ್ರಕ್ಕೊಂದು ತಡೆ ಹಾಕಿಸುವುದಕ್ಕಿಂತ ಬಾಗಿಲಿಗೆ ಲಾಳ ಹೊಡೆಸುವುದು ಸುಲಭ ನೋಡಿ. ಆದರೂ ಮನುಷ್ಯ ಕೆಟ್ಟವರಲ್ಲ, ಆ ಇಬ್ಬರ ವಿಷಯ ಹೇಳುವಾಗ ಕಣ್ಣಲ್ಲಿ ನೀರು ತಂದುಕೊಂಡರು. ಅಪ್ಪ ಅರಿಶಿನ ಹಚ್ಚಿದ ಲಾಳವನ್ನು ಎರಡೂ ಕೈಯಲ್ಲಿ ಕೊಟ್ಟು, ನೆನ್ನೆ ತಾನೇ ಕಾಲಿನಿಂದ ಬಿಚ್ಚಿದ್ದು ಎಂದ. ಮಾಲೀಕರು ಬಗ್ಗಿ ಕಣ್ಣಿಗೆ ಒತ್ತಿಕೊಂಡರು. ಅಂಗಳದ ತುಂಬ ಜನರಿದ್ದರು.

“ಅದು ಶಾಮಲಿ ಲಾಳ ಅಲ್ಲ ಸಾರ್,” ಎಂದೆ.

“ಒಳಕ್ಕೋಗೇ ಮಂಜಿ,” ಎಂದ ಅಪ್ಪ.

“ಶಾಮಲಿ ಕಾಲಲ್ಲಿ ಲಾಳಾನೇ ಇಲ್ಲ ಸಾರ್, ಒಂಬತ್ತು ತಿಂಗಳಾಯ್ತು. ಮರಳು ಸರ್ಸಿ ನೋಡಿ.”

ಮಾಲೀಕರು ಬೂಟಿನ ತುದಿಯಿಂದ ಮರಳು ಸರಿಸಿದರು. ಬರಿಯ ಗೊರಸು ಕಂಡಿತು. ಅಪ್ಪನ ಮುಖ ಬಿಳಿಚಿಕೊಂಡಿತು. ನನಗಾದ ಖುಷಿಯನ್ನು ಇವತ್ತಿಗೂ ಮರೆತಿಲ್ಲ. ಊರು ಬಿಟ್ಟು ಓಡಿಹೋಗುತ್ತಾನೆ, ಇನ್ನು ಯಾವ ಶನಿವಾರವೂ ಯಾರೂ ಬರುವುದಿಲ್ಲ, ಶಾಮಲಿ ನನ್ನದು ಮಾತ್ರ ಎಂದುಕೊಂಡೆ. ಹತ್ತು ವರ್ಷದ ಬುದ್ಧಿ ಅಷ್ಟೇ ಓಡಿದ್ದು.

“ನಂಬ್ಕೊಂಡು ಬಂದೆ ಕಣ್ರೀ ನಾನು,” ಎಂದರು ಮಾಲೀಕರು. ಅವರು ಕೂಗಲಿಲ್ಲ. “ಈಗ ಒಂದು ಕೆಲಸ ಮಾಡಿ. ನನ್ನ ಕಣ್ಣೆದುರಿಗೇ ಹೊಡ್ಸಿ. ನಮ್ಮ ಗೇಟಿನವರೆಗೂ ಆ ಲಾಳದಲ್ಲೇ ನಡೆಸ್ಕೊಂಡು ಬನ್ನಿ, ಅಲ್ಲಿ ಬಿಚ್ಚಿ ಕೊಡಿ. ಇಲ್ಲಾಂದ್ರೆ ಇಷ್ಟು ವರ್ಷ ಯಾರ್ಯಾರಿಗೆ ಕೊಟ್ರೋ ಅವ್ರಿಗೆಲ್ಲ ನಾನೇ ಹೇಳ್ತೀನಿ.”

ಕಾಯುತ್ತ ಕೂರುವ ಮೊದಲು ನನ್ನ ತಲೆ ನೇವರಿಸಿ, ಒಳ್ಳೇ ಮಗು, ಹೀಗೇ ಇರಬೇಕು ಎಂದರು. ಲಾಳ ಹೊಡೆಯುವವನು ಒಂದು ಗಂಟೆಯೊಳಗೆ ಬಂದ. ಗೊರಸು ನೋಡಿ ಸುತ್ತಿಗೆ ಕೆಳಗಿಟ್ಟ. ಅಂಚು ಇನ್ನೂ ಎಳಸು, ಮೊಳೆ ಹಿಡಿಯುವುದಿಲ್ಲ, ಒಳಗಿನ ಮಾಂಸಕ್ಕೆ ಹೋಗುತ್ತದೆ ಎಂದ. ಅಪ್ಪ ಹೊಡಿ ಎಂದ. ಅಮ್ಮ ಬಂದು ಅಪ್ಪನ ಕಾಲಿಗೆ ಬಿದ್ದಳು. ಅಮ್ಮ ಯಾರ ಕಾಲಿಗೂ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಅವನು ಅವಳನ್ನು ದಾಟಿಕೊಂಡು ಬಂದು ಶಾಮಲಿಯ ಕಾಲೆತ್ತಲು ನೋಡಿದ. ಶಾಮಲಿ ಕೊಡಲಿಲ್ಲ. ಮೂರು ಸಲ ನೋಡಿ ನನ್ನ ಕಡೆ ತಿರುಗಿದ.

“ನಿಜ ಏಳ್ದೋಳು ನೀನೇ ಅಲ್ವೇನೇ? ಬಾ. ನೀನೇ ಇಡ್ಕ.”

ನಾನು ಓಡಬಹುದಿತ್ತು. ಗೇಟು ತೆರೆದೇ ಇತ್ತು. ಕುದುರೆಯ ಹಗ್ಗ ಅವನ ಕೈಯಲ್ಲಿತ್ತು, ಬೆನ್ನಿನ ಬಾಸುಂಡೆ ಒಣಗಿರಲಿಲ್ಲ. ನಾನು ಹೋಗಿ ಮಂಡಿ ಮುಟ್ಟಿದೆ. ಶಾಮಲಿ ಕಾಲು ಎತ್ತಿ ಕೊಟ್ಟಿತು. ಮೊದಲ ಮೊಳೆಗೆ ಅದರ ಮೈ ಪೂರ್ತಿ ಅದುರಿತು, ಆದರೂ ಕಾಲು ಎಳೆದುಕೊಳ್ಳಲಿಲ್ಲ. ಆರು ಮೊಳೆ ಹೊಡೆದರು. ಆಮೇಲೆ ನಾನೇ ಹಗ್ಗ ಹಿಡಿದು ಟಾರು ರಸ್ತೆಯಲ್ಲಿ ಟ್ಯಾಂಕರು, ಲಾರಿಗಳ ಪಕ್ಕದಲ್ಲಿ ಆ ಗೇಟಿನವರೆಗೆ ನಡೆಸಿದೆ. ಪ್ರತಿ ಹೆಜ್ಜೆಗೂ ಶಾಮಲಿಯ ತಲೆ ಮೇಲಕ್ಕೆ ಹಾರುತ್ತಿತ್ತು. ಅರ್ಧ ದಾರಿಯಲ್ಲಿ ನಿಂತುಬಿಟ್ಟಾಗ ಅಪ್ಪ ಹಿಂದಿನಿಂದ ಹೊಡೆದ, ನಾನು ಮುಂದಿನಿಂದ ಎಳೆದೆ. ಎಳೆದೆ ಅಂತಲೇ ಬರೆಯುತ್ತೇನೆ, ಇಲ್ಲದಿದ್ದರೆ ಈ ಅಧ್ಯಾಯ ಬರೆದು ಪ್ರಯೋಜನವಿಲ್ಲ. ಗೇಟಿನಲ್ಲಿ ಲಾಳ ಕೀಳುವಾಗ ಮೊಳೆಯ ಜೊತೆ ಹೊಸ ಗೊರಸಿನ ಅಂಚೂ ಕಿತ್ತು ಬಂತು. ಮಾಲೀಕರು ರಕ್ತ ಒರೆಸಿ ತೆಗೆದುಕೊಂಡರು.

ಆರು ದಿನ ಶಾಮಲಿ ಮರಳಿನ ಮೇಲೆ ಮಲಗಿಯೇ ಇತ್ತು. ನಾನು ಹತ್ತಿರ ಹೋದರೆ ಮಲಗಿದ್ದಲ್ಲಿಂದಲೇ ಆ ಕಾಲನ್ನು ಸ್ವಲ್ಪ ಎತ್ತುತ್ತಿತ್ತು. ನಾನು ಹತ್ತಿರ ಹೋಗುವುದನ್ನು ಬಿಟ್ಟೆ. ನೀರು ಕುಡಿಸಿದವಳು, ಮಗ್ಗುಲು ಬದಲಿಸಿ ಹುಣ್ಣು ತೊಳೆದವಳು ಅಮ್ಮ. ಏಳನೇ ದಿನ ಆನೇಕಲ್ಲಿನ ವೈದ್ಯರು ಬಂದು, ಒಳಗಿನ ಮೂಳೆ ಕೆಳಗಿಳಿದು ಅಂಗಾಲು ತೂತಾಗಿದೆ ಎಂದು ಹೇಳಿ ಕೊನೆಯ ಇಂಜೆಕ್ಷನ್ ಕೊಟ್ಟರು. ಅಪ್ಪ ಜೆಸಿಬಿ ಕರೆಸಿ ಸಾಲಿನ ಹಿಂದೆ ಗುಂಡಿ ತೆಗೆಸಿದ. ಅಮ್ಮ ಅದರ ಹಣೆಗೆ ಕುಂಕುಮ ಇಟ್ಟು ಕಳಿಸಿದಳು, ಎರಡು ದಿನ ಅನ್ನ ಮುಟ್ಟಲಿಲ್ಲ.

ಬಸಣ್ಣ ಊರಿನಿಂದ ಬಂದಾಗ ಚೀಲದಲ್ಲಿ ಶಾಮಲಿಗೆಂದು ಅವನಪ್ಪನ ಹಳೇ ಕುದುರೆ ಬ್ರಷ್ಷು ತಂದಿದ್ದ. ಬರಿಯ ಮರಳು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಸಾಲಿನವರು ಅಷ್ಟಿಷ್ಟು ಹೇಳಿದ್ದರು, ಯಾರೋ ಗುಟ್ಟು ಬಿಟ್ಟುಕೊಟ್ಟರು ಎಂದಷ್ಟೇ. ಮನೆ ಯಜಮಾನನ ಮಗಳ ಹೆಸರು ಹೇಳಿ ಯಾರು ರೂಮು ಕಳೆದುಕೊಳ್ಳುತ್ತಾರೆ.

“ಯಾರವ್ವ ಹೇಳಿದ್ದು ಅವರಿಗೆ, ಕಾಲಾಗ ಲಾಳ ಇಲ್ಲಂತ?”

ಅವನು ನನ್ನನ್ನೇ ನೋಡುತ್ತಿದ್ದ. ಅಮ್ಮ ಒಳಗೆ ಒಲೆಯ ಮುಂದೆ ಇದ್ದಳು, ಮುದ್ದೆ ತೊಳಸುವ ಸದ್ದು ಕೇಳುತ್ತಿತ್ತು.

“ಅಮ್ಮ,” ಎಂದೆ.

ಅವನು ತಲೆ ಅಲ್ಲಾಡಿಸಿದ. “ಮೊದಲ ದಿನಾನ ಅಂದಕೊಂಡಿದ್ದೆ. ಒಂದು ನೆಲದ ಸಲುವಾಗಿ ಮೂಕ ಜೀವದ ಮ್ಯಾಲೆ ಇಷ್ಟು ಸಿಟ್ಟೇನು. ನೀ ಮಾತ್ರ ಭಾಳ ಮಾಡಿದೆವ್ವ ಅದಕ್ಕ. ಅಳಬ್ಯಾಡ.”

ನಾನು ಅಳುತ್ತಿರಲಿಲ್ಲ. ಅವನು ಹಾಗೆಂದ ಮೇಲೆ ಅತ್ತೆ. ಮಾರನೆಯ ದಿನವೇ ಅವನು ರೂಮು ಖಾಲಿ ಮಾಡಿದ. ಟ್ರಂಕು ಹೊತ್ತು ಗೇಟಿನ ಹತ್ತಿರ ಬಂದಾಗ ಅಮ್ಮ ತಟ್ಟೆಯಲ್ಲಿ ಮುದ್ದೆ, ಅವನಿಗಿಷ್ಟವಾದ ಅವರೆಕಾಳಿನ ಸಾರು ಹಾಕಿಕೊಂಡು ಓಡಿಬಂದಳು.

“ಊಟ ಮಾಡ್ಕೊಂಡು ಓಗಪ್ಪ ಬಸಣ್ಣ. ಅದುನ್ನ ಎಷ್ಟು ಚೆನ್ನಾಗಿ ನೋಡ್ಕೊಂಡೆ ನೀನು.”

“ಬ್ಯಾಡ್ರಿ. ನಿಮ್ಮ ಕೈಯಾನ ಕೂಳು ನನ್ನ ಗಂಟಲಾಗ ಇಳಿಯಂಗಿಲ್ಲ.”

ಅವನು ತಿರುಗಿ ನೋಡದೆ ಬಸ್‌ಸ್ಟಾಪಿನ ಕಡೆ ನಡೆದ. ಅಮ್ಮ ತಟ್ಟೆ ಹಿಡಿದು ಗೇಟಿನಲ್ಲಿ ನಿಂತೇ ಇದ್ದಳು.

“ನಾನೇನ್ ಮಾಡ್ದೆ ಕಣೇ ಮಂಜಿ ಅವ್ನಿಗೆ?”

“ನನಗೇನ್ ಗೊತ್ತು,” ಎಂದೆ. ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ಬಂದು, ಆರುವ ಮೊದಲೇ ಅಷ್ಟನ್ನೂ ನಾನೇ ಉಂಡೆ.